ಮರಿ ಒಪ್ಪಿಸುವ ಕರಿಯಕ್ಕ

ಪರಶುರಾಂಪುರದ ಆಚೆ, ಶೇಂಗಾ ಹೊಲಗಳು ಮುಗಿದು ಜಾಲಿ ಕುರುಚಲು ಶುರುವಾಗುವ ಕಡೆ ಒಂದು ಹಟ್ಟಿ ಇದೆ. ಆ ಹಟ್ಟಿಯಲ್ಲಿ ಯಾರ ಮನೆಯ ಕುರಿಯಾದರೂ ಮರಿಯನ್ನು ಒಲ್ಲೆ ಎಂದು ಒದ್ದರೆ ಮೊದಲು ಕೂಗುವುದು ಕರಿಯಕ್ಕನನ್ನು. ಕಾಲು ಮುರಿದ ಕುರಿಗೆ ಕಟ್ಟು ಹಾಕುವವರು ಬೇರೆ ಇದ್ದಾರೆ, ಸೂಜಿ ಚುಚ್ಚಲು ಪಶು ಆಸ್ಪತ್ರೆಯವರು ಬೈಕಿನಲ್ಲಿ ಬರುತ್ತಾರೆ. ಆದರೆ ತಾಯಿ ಸತ್ತ ಮರಿಯನ್ನು, ಮರಿ ಸತ್ತ ತಾಯಿಗೆ ಒಪ್ಪಿಸುವ ಕೆಲಸ ಕರಿಯಕ್ಕನದೇ.

ಆ ಕೆಲಸ ನೋಡಲು ಚೆನ್ನಾಗಿರುವುದಿಲ್ಲ. ಸತ್ತ ಮರಿಯ ಮೈ ತಣ್ಣಗಾಗುವ ಮೊದಲೇ ತೊಗಲು ಸುಲಿಯಬೇಕು. ಕಾಲುಗಳಿಗೆ ತೂತು ಬಿಟ್ಟು, ಮಗುವಿಗೆ ಅಂಗಿ ತೊಡಿಸಿದ ಹಾಗೆ ತಬ್ಬಲಿ ಮರಿಗೆ ತೊಡಿಸಬೇಕು. ಬಾಲದ ಕಡೆಯ ತೊಗಲು ಸರಿಯಾಗಿ ಬಾಲದ ಮೇಲೇ ಕೂರಬೇಕು, ಯಾಕೆಂದರೆ ಕುರಿ ಮೂಸುವುದು ಅಲ್ಲಿ. ತನ್ನ ಮರಿ ಯಾವುದೆಂದು ಕುರಿ ಕಣ್ಣಿನಿಂದ ತಿಳಿಯುವುದಿಲ್ಲ, ಮೂಗಿನಿಂದ ತಿಳಿಯುತ್ತದೆ. ಮೊದಲು ಮೂಸುತ್ತದೆ, ಹಿಂದೆ ಸರಿಯುತ್ತದೆ, ಮುಂಗಾಲಿನಿಂದ ನೆಲ ಕೆರೆಯುತ್ತದೆ, ಮತ್ತೆ ಮೂಸುತ್ತದೆ. ಆಮೇಲೆ ಗಂಟಲಿನೊಳಗೆ ಸಣ್ಣಗೆ ಗುರುಗುಟ್ಟುತ್ತದೆ. ಆ ಸದ್ದು ಬಂದರೆ ಕೆಲಸ ಆಯಿತು. ಮರಿ ಕೆಚ್ಚಲಿಗೆ ಬಾಯಿ ಹಾಕಿ ಬಾಲ ಆಡಿಸುತ್ತದೆ, ಕುರಿ ಕಣ್ಣು ಅರೆ ಮುಚ್ಚಿ ನಿಲ್ಲುತ್ತದೆ. ಒಂದೆರಡು ದಿನ ಕಳೆದು, ಮರಿಯ ಹೊಟ್ಟೆಯಲ್ಲಿ ಆ ತಾಯಿಯ ಹಾಲೇ ಓಡಾಡಲು ಶುರುವಾದ ಮೇಲೆ ತೊಗಲನ್ನು ಬಿಚ್ಚಿ ಬಿಸಾಡಬಹುದು. ಕುರಿ ಆಮೇಲೆ ಮೋಸವೆಂದು ಮರಿಯನ್ನು ತಳ್ಳುವುದಿಲ್ಲ.

ಇದನ್ನು ಅವಳಿಗೆ ಕಲಿಸಿದವನು ಅವಳ ಅಪ್ಪ ದೊಡ್ಡಪಾಲಯ್ಯ. ಮೊಳಕಾಲ್ಮುರು ಕಡೆಯ ಬಂಡೆಗುಡ್ಡಗಳಲ್ಲಿ ಕುರಿ ಕಾಯುತ್ತಾ ಬದುಕಿದವನು. ಮಾತು ಕಡಿಮೆ. ಮರಿ ಒಪ್ಪಿದ ಮೇಲೆ ಪ್ರತಿ ಸಲವೂ ಜಟಿಂಗ ರಾಮೇಶ್ವರನ ಬೆಟ್ಟದ ಕಡೆ ತಿರುಗಿ ಕೈ ಮುಗಿಯುತ್ತಿದ್ದ. "ಶಿವ ಇದಕ್ಕೆ ಸಾಕು ಅನ್ನೋದನ್ನ ಕೊಟ್ಟವ್ನೆ ನೋಡವ್ವ" ಎನ್ನುತ್ತಿದ್ದ. ಆಗ ಕರಿಯಕ್ಕನಿಗೆ ಲಂಗ ತೊಡುವ ವಯಸ್ಸು. ಸಾಕು ಎನ್ನುವುದು ಕೊಡುವಂಥದ್ದೇ, ಅದೇನು ರೊಟ್ಟಿಯೇ, ಎಂದು ಅವಳು ನಗುತ್ತಿದ್ದಳು.

ಮದುವೆಯಾಗಿ ಈ ಹಟ್ಟಿಗೆ ಬಂದಳು. ಗಂಡ ಪೆದ್ದಣ್ಣ ಮಾತುಗಾರ, ಬೀಡಿ ಸೇದುವವನು, ಕುರಿಗಳಿಗೂ ಅಡ್ಡಹೆಸರಿಟ್ಟು ಕರೆಯುವವನು. ಹೊಟ್ಟೆಯಲ್ಲಿ ನಿಂತ ಮಕ್ಕಳಲ್ಲಿ ಬದುಕಿ ಉಳಿದದ್ದು ಒಂದೇ, ಹೆಣ್ಣು. ಸೌಂದರ್ಯ ಎಂದು ಪೆದ್ದಣ್ಣನೇ ಹೆಸರಿಟ್ಟ. ಹಟ್ಟಿಯಲ್ಲಿ ಯಾರ ಬಾಯಿಗೂ ಆ ಹೆಸರು ನೆಟ್ಟಗೆ ಬರುತ್ತಿರಲಿಲ್ಲ. ಸುಂದ್ರಿ ಎಂದರು, ಸೌಂದ್ರ ಎಂದರು. ಹುಡುಗಿ ಹತ್ತನೇ ಕ್ಲಾಸಿನವರೆಗೆ ಓದಿದಳು. ಕುರಿ ಕೂಡುವ ರೊಪ್ಪದ ಕಸ ಬಳಿದು, ಕೈ ತೊಳೆದು, ಮುಖಕ್ಕೆ ಪೌಡರು ಹಾಕಿ ಬಸ್ಸು ಹತ್ತುತ್ತಿದ್ದಳು. ಬಸ್ಸಿನಲ್ಲಿ ಜೊತೆಯ ಹುಡುಗಿಯರು ಕುರಿ ವಾಸನೆ ಎಂದು ಆಡಿಕೊಂಡರೆ, "ನಿಮ್ಮಪ್ಪ ಭಾನುವಾರ ತಿನ್ನೋದು ಇದೇ ವಾಸನೆ ಕಣೇ" ಎಂದು ತಿರುಗಿ ಹೇಳುತ್ತಿದ್ದಳು. ಮನೆಗೆ ಬಂದು ಅದನ್ನು ಅವ್ವನಿಗೆ ವರದಿ ಒಪ್ಪಿಸುತ್ತಿದ್ದಳು. ಇಬ್ಬರೂ ನಗುತ್ತಿದ್ದರು.

ಚಳ್ಳಕೆರೆಯ ಒಂದು ಎಣ್ಣೆ ಮಿಲ್ಲಿನಲ್ಲಿ ಮಷಿನ್ ನೋಡಿಕೊಳ್ಳುವ ಮಾರುತೇಶನಿಗೆ ಅವಳನ್ನು ಕೊಟ್ಟರು. ಒಳ್ಳೆಯ ಹುಡುಗ. ಬೆಳಿಗ್ಗೆ ಸಂಜೆ ಮೈಯೆಲ್ಲ ಶೇಂಗಾ ಎಣ್ಣೆಯ ಜಿಡ್ಡು, ಬಾಯಲ್ಲಿ ಎರಡು ಮಾತಿಗಿಂತ ಹೆಚ್ಚಿಲ್ಲ. ಮದುವೆಯಾಗಿ ಮೂರು ವರ್ಷವಾದರೂ ಮಕ್ಕಳಾಗಿರಲಿಲ್ಲ. ಆಗಲಿ, ಅವಸರವೇನು ಎಂದುಕೊಂಡಿದ್ದರು. ಮಳೆಗಾಲದ ಕೊನೆಯಲ್ಲಿ ಸೌಂದರ್ಯ ಹಟ್ಟಿಗೆ ಬಂದಿದ್ದಾಗ ಜ್ವರ ಬಂತು. ಮೈಕೈ ನೋವು ಎಂದು ಒಂದು ಹಗಲು ಮಲಗಿದಳು. ಮಾರನೆಯ ದಿನ ಉಟ್ಟ ಸೀರೆ ಬದಲಿಸಿ, ಮಾರುತೇಶ ತಂದ ಕಾರಿನಲ್ಲಿ ಚಿತ್ರದುರ್ಗದ ಆಸ್ಪತ್ರೆಗೆ ಹೋದಳು. ಡೆಂಗಿ ಎಂದರು. ರಕ್ತ ಕೊಟ್ಟರು. ಮಾಡಬೇಕಾದ್ದನ್ನೆಲ್ಲ ಮಾಡಿದರು. ಅವಳು ತಿರುಗಿ ಬರಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ಕರಿಯಕ್ಕ ಅಳುವುದನ್ನು ಹಟ್ಟಿಯವರು ಹೆಚ್ಚು ನೋಡಲಿಲ್ಲ. ಕುರಿಗಳ ಹಿಂದೆ ಹೋಗುತ್ತಿದ್ದಳು, ಬರುತ್ತಿದ್ದಳು. ಆ ತಿಂಗಳೇ ರೊಪ್ಪದಲ್ಲಿ ಒಂದು ಕುರಿಯ ಮರಿ ಸತ್ತಿತು. ಅದಕ್ಕೆ ಒಪ್ಪಿಸಲು ತಬ್ಬಲಿ ಮರಿ ಯಾವುದೂ ಇರಲಿಲ್ಲ. ಕುರಿ ಎರಡು ದಿನ ಕೂಗಿತು, ಮರಿ ಬಿದ್ದಿದ್ದ ಜಾಗವನ್ನು ಸುತ್ತಿ ಸುತ್ತಿ ಮೂಸಿತು. ಆಮೇಲೆ ಒಂದು ಬೆಳಿಗ್ಗೆ ಉಳಿದವುಗಳ ಜೊತೆ ಹೊರಟು, ಕಾರೆಗಿಡದ ಚಿಗುರಿಗೆ ಕತ್ತು ಚಾಚಿ ಮೇಯತೊಡಗಿತು. ಅದರ ಬಾಯಿಂದ ಹಸಿರು ಜೊಲ್ಲು ಇಳಿಯುತ್ತಿತ್ತು. ಕರಿಯಕ್ಕ ಅದನ್ನೇ ನೋಡುತ್ತಾ ನಿಂತಳು. ಮೊದಲು ಅಸೂಯೆಯಾಯಿತು. ಆಮೇಲೆ ಕೈಯಲ್ಲಿದ್ದ ಕೋಲಿನಿಂದ ಅದರ ಬೆನ್ನಿಗೆ ಬಾರಿಸಿದಳು. ಕುರಿ ಬೆದರಿ ನಾಲ್ಕು ಮಾರು ಓಡಿ ಮತ್ತೆ ಮೇಯಲು ಬಗ್ಗಿತು. ಬದುಕಿನಲ್ಲಿ ಅವಳು ಕುರಿಗೆ ಸುಮ್ಮಸುಮ್ಮನೆ ಹೊಡೆದದ್ದು ಅದೊಂದೇ ಸಲ.

ವರ್ಷ ತುಂಬುವ ಮೊದಲೇ ಮಾರುತೇಶ ಇನ್ನೊಂದು ಮದುವೆಯಾದ. ಅವನ ತಾಯಿ ಬಿದ್ದು ಸೊಂಟ ಮುರಿದು ಹಾಸಿಗೆ ಹಿಡಿದಿದ್ದಳು, ಮನೆಯಲ್ಲಿ ನೀರು ಕೊಡುವವರಿರಲಿಲ್ಲ. ಅವನನ್ನು ಯಾರೂ ತಪ್ಪೆನ್ನಲಿಲ್ಲ. ಹುಡುಗಿ ಮೊಳಕಾಲ್ಮುರಿನವಳು, ರಾಧಮ್ಮ. ತಾಯಿ ತಂದೆ ಸಣ್ಣಂದಿನಲ್ಲೇ ತೀರಿಕೊಂಡು, ರೇಷ್ಮೆ ಸೀರೆ ನೇಯುವ ಚಿಕ್ಕಮ್ಮನ ಮನೆಯಲ್ಲಿ ಮಗ್ಗದ ಪಕ್ಕ ಕೂತು ನೂಲು ಸುತ್ತುತ್ತಾ ಬೆಳೆದಿದ್ದಳು. ಜಟಿಂಗ ರಾಮೇಶ್ವರನ ಬೆಟ್ಟದಲ್ಲಿ ನಾಲ್ಕು ಜನರ ಎದುರಿಗೆ ತಾಳಿ ಕಟ್ಟಿಸಿದರು. ಪೆದ್ದಣ್ಣ ಹೋಗಿ ಅಕ್ಷತೆ ಹಾಕಿ ಬಂದ. ಕರಿಯಕ್ಕ ಕಾಲುನೋವೆಂದು ಹೇಳಿ ಹಟ್ಟಿಯಲ್ಲೇ ಉಳಿದಳು.

ಅವರ ಕಡೆ ಒಂದು ರೂಢಿ ಇದೆ. ಮೊದಲ ಹೆಂಡತಿ ತೀರಿಕೊಂಡ ಮೇಲೆ ಬಂದವಳಿಗೆ, ತೀರಿಕೊಂಡವಳ ತವರೇ ತವರು. ಹೊಸಬಳು ತಾಳಿಯ ಪಕ್ಕದಲ್ಲಿ ಹಳಬಳ ಹೆಸರಿನಲ್ಲಿ ಒಂದು ಚಿನ್ನದ ಗುಂಡು ಪೋಣಿಸಿಕೊಳ್ಳುತ್ತಾಳೆ, ಆ ಮನೆಯ ಬಾಗಿಲಿಗೆ ಬಂದು ತಾಯಿಯ ಕಾಲು ಮುಟ್ಟುತ್ತಾಳೆ. ತಾಯಿ ಅವಳ ಮಡಿಲು ತುಂಬಿ ಮಗಳೆಂದು ಒಳಕ್ಕೆ ಕರೆಯುತ್ತಾಳೆ. ಹಾಗೆ ಕರೆದ ಮೇಲೆ ಹಬ್ಬ, ಉಡುಗೊರೆ, ಬಾಣಂತನ ಎಲ್ಲವೂ ಆ ಮನೆಯದೇ.

ರಾಧಮ್ಮ ಬಂದು ಕಾಲು ಮುಟ್ಟಿದಳು. "ಅಮ್ಮ" ಎಂದಳು.

ಪೆದ್ದಣ್ಣ ನಕ್ಕ. "ಅಮ್ಮ ಅಂತ ನಾವು ಊರ ಮಾರಮ್ಮನ್ನ ಕರಿಯೋದು ಕಣವ್ವ. ಮನೇಲಿರೋಳ್ನ ಅವ್ವ ಅಂತೀವಿ."

"ನಮ್ಮ ಕಡೆ ತೆಲುಗು ಜಾಸ್ತಿ. ಅವ್ವ ಅಂದ್ರೆ ಅಜ್ಜಿ. ಬೈಸ್ಕೋತೀನೇನೋ ಅಂತ ಭಯ ಆತು" ಎಂದಳು ರಾಧಮ್ಮ.

ಪೆದ್ದಣ್ಣ ಹೆಂಡತಿಯ ಕಡೆ ಕೈ ತೋರಿಸಿದ. "ಇವಳ ನರೆತ ತಲೆ ನೋಡು. ಅಜ್ಜಿ ಅಂದ್ರೂ ಏನು ತಪ್ಪಿಲ್ಲ."

ಮಾರುತೇಶ ಕೂಡ ತುಸು ನಕ್ಕ. ಕರಿಯಕ್ಕ ಅಕ್ಕಿ, ಕೊಬ್ಬರಿ, ಅರಿಶಿನ ಎಲ್ಲವನ್ನೂ ಮೊರದಲ್ಲಿ ತಂದು ಹುಡುಗಿಯ ಮಡಿಲಿಗೆ ಹಾಕಿದಳು. ಒಂದು ಕಾಳೂ ಕಡಿಮೆ ಮಾಡಲಿಲ್ಲ. ಆದರೆ ಹೇಳಬೇಕಾದ ಮಾತು ಬಾಯಿಂದ ಹೊರಡಲಿಲ್ಲ. ಪಕ್ಕದ ಮನೆಯ ಮಂಜಮ್ಮ ಮೊಣಕೈಯಿಂದ ತಿವಿದು, "ಕರಿಯಕ್ಕ, ಮಗಳೇ ಬಾ ಅನ್ನು" ಎಂದು ಪಿಸುಗುಟ್ಟಿದಳು. ಕರಿಯಕ್ಕ, "ಊಟಕ್ಕೆ ಹೊತ್ತಾತು, ಒಳಗೆ ಬರ್ಲಿ" ಎಂದಳು. ಯಾರಿಗೋ ಹೇಳುವ ಹಾಗೆ.

ರಾಧಮ್ಮನಲ್ಲಿ ತಪ್ಪು ಹುಡುಕಲು ಕರಿಯಕ್ಕ ಪ್ರಯತ್ನಿಸದೆ ಇರಲಿಲ್ಲ. ಸಿಗಲಿಲ್ಲ. ಹುಡುಗಿ ಬಂದಾಗಲೆಲ್ಲ ಪಾತ್ರೆ ತಿಕ್ಕುತ್ತಿದ್ದಳು, ಕುರಿಗಳಿಗೆ ಹೆದರುತ್ತಲೇ ರೊಪ್ಪಕ್ಕೆ ಇಳಿಯುತ್ತಿದ್ದಳು. ಅವ್ವ ಎನ್ನುವುದನ್ನು ಕಲಿತು, ಎರಡು ಮಾತಿಗೊಮ್ಮೆ ಅದನ್ನು ಸೇರಿಸಿ ಹೇಳುತ್ತಿದ್ದಳು. "ಅವ್ವ, ಇದನ್ನ ಎಲ್ಲಿಡಾನ? ಅವ್ವ, ನೀ ಉಂಡ್ಯಾ?" ಪ್ರತಿ ಸಲ ಅದನ್ನು ಕೇಳಿದಾಗ ಕರಿಯಕ್ಕ ಬೇರೆ ಕಡೆ ಮುಖ ತಿರುಗಿಸುತ್ತಿದ್ದಳು. ಸಂಜೆ ದೀಪ ಹಚ್ಚಿ ದೇವರ ಎದುರಿಗೆ ನಿಂತಾಗ ಅವಳು ಬೇರೆ ಏನನ್ನೂ ಕೇಳುತ್ತಿರಲಿಲ್ಲ. ನನ್ನ ಮನಸ್ಸನ್ನು ತಿರುಗಿಸು, ಅಷ್ಟೇ ಎನ್ನುತ್ತಿದ್ದಳು. ದೇವರು ಕೇಳಿಸಿಕೊಂಡನೋ ಇಲ್ಲವೋ, ಮನಸ್ಸು ಕಲ್ಲುಗುಂಡಿನ ಹಾಗೆ ಇದ್ದಲ್ಲೇ ಇತ್ತು.

ರಾಧಮ್ಮ ಬಸುರಿಯಾದಳು. ಏಳನೇ ತಿಂಗಳು ಹತ್ತಿರವಾದಾಗ ಮಾರುತೇಶ ಒಬ್ಬನೇ ಬಂದು ಮನೆಯ ಮುಂದಿನ ಕಟ್ಟೆಯ ಮೇಲೆ ಕೂತ. ಚಾ ಕುಡಿದು ಖಾಲಿ ಲೋಟ ತಿರುಗಿಸುತ್ತಾ ಕೇಳಿದ.

"ಅತ್ತೆ, ರಾಧನ್ನ ಇಲ್ಲಿಗೆ ಕರ್ಕಂಡ್ ಬರ್ಲಾ?"

ಕರಿಯಕ್ಕ ಅವರೆಕಾಯಿ ಬಿಡಿಸುತ್ತಿದ್ದಳು, ತಲೆ ಎತ್ತಲಿಲ್ಲ.

"ಅವ್ಳ ಚಿಕ್ಕಮ್ಮನ ಮನೇಲಿ ಮಗ್ಗ ಬಿಟ್ರೆ ಮಲಗಾಕೆ ಜಾಗ ಇಲ್ಲ. ನಮ್ಮವ್ವನ ಸ್ಥಿತಿ ನಿಮಗೆ ಗೊತ್ತೈತೆ. ನೀವು ಬ್ಯಾಡ ಅಂದ್ರೆ ಅವ್ಳಿಗೆ ಯಾರೂ ಇಲ್ಲ" ಎಂದ ಮಾರುತೇಶ. ಅವನು ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದನ್ನು ಅವರು ಕಂಡಿರಲಿಲ್ಲ.

"ಕರ್ಕಂಡ್ ಬಾರಪ್ಪ, ಅದನ್ನೇನು ಕೇಳ್ತೀಯ?" ಎಂದ ಪೆದ್ದಣ್ಣ.

ಅಳಿಯ ಹೋದ ಮೇಲೆ ಪೆದ್ದಣ್ಣ ಬೀಡಿ ಹಚ್ಚಿ ಹೆಂಡತಿಯ ಕಡೆ ತಿರುಗಿದ. "ಊರ ಕುರಿಗೆಲ್ಲ ಮರಿ ಒಪ್ಪಿಸ್ತೀಯ. ನೀನು ಒಂದು ಕುರಿಗಿಂತ ಕಡೆ ಆದ್ಯಾ?"

"ಕಡೆನೇ. ಕುರಿ ಮರಿಗೆ ಹೆಸರಿಡಲ್ಲ."

"ನೀನೂ ಇಡ್ಲಿಲ್ಲ. ಇಟ್ಟೋನು ನಾನು. ಅಷ್ಟಾದ್ರೂ ನಾನು ಆ ಹುಡುಗೀನ ಬಾರವ್ವ ಅಂದೆ."

"ನೀನು ಹೊರಲಿಲ್ಲ" ಎಂದಳು ಕರಿಯಕ್ಕ.

ಪೆದ್ದಣ್ಣ ಬೀಡಿಯ ಬೂದಿ ಕೊಡವಿದ. ಆಮೇಲೆ ಹೇಳಿದ, "ಹೊರ್ಲಿಲ್ಲ, ನಿಜ. ಹೊತ್ಕೊಂಡೋಗಿ ಹೂತಿದ್ದು ಮಾತ್ರ ನಾನೇಯ. ಈಗ ಇನ್ನೊಂದು ಜೀವ ಬಾಗ್ಲಲ್ಲಿ ನಿಂತೈತೆ. ನೋಡು, ನಿನ್ನಿಷ್ಟ."

ಆ ಮಾತು ಅವಳೊಳಗೆ ಇಳಿಯಿತು. ಹುಡುಗಿಗೆ ಬೇರೆ ದಿಕ್ಕಿಲ್ಲ. ತಾನು ಮನಸ್ಸಿನಿಂದ ಕರೆಯದಿದ್ದರೆ ಈ ಮನೆಯಲ್ಲಿ ಅವಳು ಹೆತ್ತರೂ ಪರದೇಶಿಯ ಹಾಗೆ ಹೆರುತ್ತಾಳೆ. ಬಸುರಿಯ ಎದುರಿಗೆ ಬಿಗಿದ ಮುಖ ಹೊತ್ತು ಓಡಾಡುವುದು ಪಾಪ ಎಂದು ಕರಿಯಕ್ಕನಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಅಷ್ಟು ದಿನದಲ್ಲಿ ಅವಳು ಯಾರಿಗೂ ಹೇಳದ ಒಂದು ವಸ್ತು ಟ್ರಂಕಿನಲ್ಲಿತ್ತು. ಸೌಂದರ್ಯ ಆಸ್ಪತ್ರೆಗೆ ಹೊರಡುವಾಗ ಬದಲಿಸಿ ಬಿಟ್ಟುಹೋದ ಕನಕಾಂಬರ ಬಣ್ಣದ ಸೀರೆ. ಅದನ್ನು ಒಗೆಯದೆ, ಮುದ್ದೆಯಾಗಿ ಹೇಗಿತ್ತೋ ಹಾಗೇ ಪ್ಲಾಸ್ಟಿಕ್ ಕವರಿನಲ್ಲಿ ಗಂಟು ಹಾಕಿ ಇಟ್ಟಿದ್ದಳು. ಮನೆಯಲ್ಲಿ ಯಾರೂ ಇಲ್ಲದಾಗ ಗಂಟು ಬಿಚ್ಚಿ, ಮುಖ ಅದರೊಳಗೆ ಹುದುಗಿಸಿ, ಎರಡು ಉಸಿರು ಎಳೆದುಕೊಂಡು ಮತ್ತೆ ಕಟ್ಟಿಬಿಡುತ್ತಿದ್ದಳು. ಹೆಚ್ಚು ಹೊತ್ತು ತೆರೆದಿಟ್ಟರೆ ಖರ್ಚಾಗುತ್ತದೆ ಎಂಬ ಭಯ. ಕೊಬ್ಬರಿ ಎಣ್ಣೆ, ಪೌಡರು, ಗಂಡನ ಮೈಯಿಂದ ಹತ್ತಿದ ಶೇಂಗಾ ಜಿಡ್ಡು, ಜ್ವರದ ಬೆವರು ಎಲ್ಲ ಕಲೆತ ವಾಸನೆ ಅದು. ಅವಳ ಪಾಲಿಗೆ ಅದಕ್ಕೆ ಇದ್ದದ್ದು ಒಂದೇ ಹೆಸರು.

ಅಪ್ಪ ಕಲಿಸಿದ ವಿದ್ಯೆಯನ್ನು ತನ್ನ ಮೇಲೇ ಮಾಡಿಕೊಂಡರೆ ಹೇಗೆ ಎಂದು ಅವಳಿಗೆ ಹೊಳೆದದ್ದು ಅಂಥ ಒಂದು ಗಳಿಗೆಯಲ್ಲಿ. ಹುಡುಗಿ ಇದನ್ನು ಉಟ್ಟು ಹತ್ತಿರ ಬರಲಿ. ತನ್ನ ಮೂಗು ಮೋಸ ಹೋಗಲಿ. ಒಂದು ಸಲ ಬಾಯಲ್ಲಿ ಮಗಳೇ ಎಂದು ಬಂದುಬಿಟ್ಟರೆ ಮುಂದಿನದು ತಾನಾಗಿ ಆಗುತ್ತದೆ. ಎಷ್ಟೋ ಹಟಮಾರಿ ಕುರಿಗಳು ಸೋತಿವೆ, ತಾನ್ಯಾವ ದೊಡ್ಡವಳು? ವಾಸನೆ ಖರ್ಚಾದರೆ ಆಗಲಿ. ಇಟ್ಟುಕೊಂಡು ಮಾಡುವುದೇನು?

ರಾಧಮ್ಮ ಬಂದ ಮಾರನೆಯ ಬೆಳಿಗ್ಗೆ ಕರಿಯಕ್ಕ ಟ್ರಂಕು ತೆಗೆದು ಕವರನ್ನು ಅವಳ ಕೈಗಿಟ್ಟಳು. "ಇವತ್ತು ಇದನ್ನ ಉಟ್ಕೊ" ಎಂದಳು. ಇನ್ನೂ ಏನೋ ಹೇಳಬೇಕಿತ್ತು. ಯಾರದು, ಯಾಕೆ ಹೀಗಿದೆ, ಏನು ಮಾಡಬಾರದು ಎಂದು. ಆದರೆ ಸತ್ತವಳ ಬೆವರನ್ನು ಮೂಸಬೇಕು ಅದಕ್ಕೆ ಉಡು ಎಂದು ಬಸುರಿ ಹೆಂಗಸಿಗೆ ಹೇಗೆ ಹೇಳುವುದು? ನಾಚಿಕೆಯಾಯಿತು. ಅವಳು ಗಂಟು ಬಿಚ್ಚುವುದನ್ನು ನೋಡಲಾರದೆ ಕೋಲು ಹಿಡಿದು ಕುರಿಗಳ ಹಿಂದೆ ಹೊರಟುಬಿಟ್ಟಳು.

ಕವರು ಬಿಚ್ಚಿದ ರಾಧಮ್ಮ ಬೆಳೆದದ್ದು ಸೀರೆಯೇ ದೇವರಾಗಿದ್ದ ಮನೆಯಲ್ಲಿ. ಅಲ್ಲಿ ನೇಯ್ದ ಬಟ್ಟೆಯ ಮೇಲೆ ಒಂದು ಕಲೆ ಬಿದ್ದರೆ ಅಂದು ಚಿಕ್ಕಮ್ಮನ ಕೈಯಲ್ಲಿ ಏಟು. ಮುದ್ದೆಯಾದ ಸೀರೆಯನ್ನು ಕೊಟ್ಟು ಉಡು ಎಂದರೆ, ಹುಡುಗಿ ಎಷ್ಟು ಅಚ್ಚುಕಟ್ಟು ಎಂದು ಹಿರಿಯರು ನೋಡುತ್ತಾರೆ ಎಂದೇ ಅವಳು ತಿಳಿದಳು. ತುಂಬಿದ ಹೊಟ್ಟೆ ಹೊತ್ತು ನೀರಿನ ತೊಟ್ಟಿಯ ಹತ್ತಿರ ಹೋದಳು. ಸೋಪಿನ ಪುಡಿಯಲ್ಲಿ ನೆನೆಸಿದಳು, ಸೆರಗಿನ ಮೇಲಿದ್ದ ಕಲೆಯನ್ನು ಕೈಯಲ್ಲೇ ಉಜ್ಜಿ ತೆಗೆದಳು. ಅನ್ನದ ಗಂಜಿ ಹಾಕಿ, ಬಿಸಿಲಿಗೆ ಬಿಗಿಯಾಗಿ ಎಳೆದು ಹರವಿದಳು. ಮಧ್ಯಾಹ್ನದ ಹೊತ್ತಿಗೆ ಒಣಗಿತು.

ಸಂಜೆ ಕುರಿ ಹೊಡೆದುಕೊಂಡು ಬಂದ ಕರಿಯಕ್ಕ ಬೇಲಿಯ ಆಚೆಯಿಂದಲೇ ಆ ಬಣ್ಣವನ್ನು ಕಂಡಳು. ಬಾಗಿಲಲ್ಲಿ ಕನಕಾಂಬರ ಸೀರೆಯುಟ್ಟು, ತಲೆ ಬಾಚಿ, ಯಾರೋ ನಿಂತಿದ್ದರು. ಕರಿಯಕ್ಕ ಕುರಿಗಳನ್ನು ರೊಪ್ಪಕ್ಕೆ ಬಿಡುವುದನ್ನೂ ಮರೆತು ನೆಟ್ಟಗೆ ನಡೆದು ಬಂದಳು. ಹತ್ತಿರ ಬಂದು, ಏನೂ ಹೇಳದೆ, ಕತ್ತು ಬಗ್ಗಿಸಿ ಹುಡುಗಿಯ ಭುಜಕ್ಕೆ ಮುಖ ತಂದಳು.

ಅವ್ವ ತನ್ನನ್ನು ತಬ್ಬಿಕೊಳ್ಳಲು ಬಂದಳೆಂದು ತಿಳಿದು ರಾಧಮ್ಮ ಎರಡೂ ಕೈಗಳಿಂದ ಅವಳನ್ನು ಬಳಸಿ ಹಿಡಿದಳು. ಅವಳನ್ನು ಯಾರಾದರೂ ಹಾಗೆ ಹತ್ತಿರಕ್ಕೆ ಎಳೆದುಕೊಂಡು ಎಷ್ಟು ಕಾಲವಾಗಿತ್ತೋ, ಕಣ್ಣಲ್ಲಿ ನೀರು ಬಂತು.

ಸೋಪು, ಗಂಜಿ, ಬಿಸಿಲು. ಕರಿಯಕ್ಕ ಸೆರಗನ್ನು ಹಿಡಿದು ಮೂಸಿದಳು. ತೋಳಿನ ಹತ್ತಿರ ಮೂಸಿದಳು. ನೆರಿಗೆ ಎತ್ತಿ ಮೂಸಿದಳು.

"ಬಾಳ ಮುದ್ದೆ ಆಗಿತ್ತವ್ವ" ಎಂದಳು ರಾಧಮ್ಮ, ಮೂಗು ಒರೆಸಿಕೊಳ್ಳುತ್ತಾ. "ಸೆರಗಿನಾಗೆ ಕಲೆ ಇತ್ತು, ಅದೂ ಹೋತು. ನೋಡು, ಹೊಸದಿದ್ದಂಗೈತೆ."

ಕರಿಯಕ್ಕ ಹಿಂದೆ ಸರಿದಳು. ಅವಳ ದನಿ ಏರಲಿಲ್ಲ. ಏರಿದ್ದರೆ ಅದು ಸಿಟ್ಟೆಂದು ತಿಳಿದು ರಾಧಮ್ಮ ಮರೆಯಬಹುದಿತ್ತು. "ನನ್ನ ಮಗಳ ಜೀವ ಜ್ವರ ತಗಂಡೋತು. ಉಳಿದಿದ್ದು ಇಷ್ಟೇ ಇತ್ತು. ಅದನ್ನ ನೀನು ತೊಳೆದು ಚೆಲ್ಲಿದೆ."

ರಾಧಮ್ಮ ಉಟ್ಟ ಸೀರೆಯನ್ನು ನೋಡಿಕೊಂಡಳು. ಮೊದಲು ಅರ್ಥವಾಗಲಿಲ್ಲ. ಬೇಲಿಯ ಹತ್ತಿರ ಬಂದು ನಿಂತಿದ್ದ ಮಂಜಮ್ಮ, "ಅಯ್ಯೋ, ಅದು ಸೌಂದ್ರಂದು ಕಣೇ ಹುಡುಗಿ" ಎಂದ ಮೇಲೆ ಆಯಿತು. ಅವಳು ಒಳಗೆ ಹೋಗಿ ಸೀರೆ ಬಿಚ್ಚಿ, ತನ್ನದನ್ನು ಉಟ್ಟು, ಅದನ್ನು ಅಂಚಿಗೆ ಅಂಚು ಕೂಡಿಸಿ ಮಡಿಸಿ ಟ್ರಂಕಿನ ಮೇಲಿಟ್ಟಳು. ಉಣ್ಣಲಿಲ್ಲ. ಪೆದ್ದಣ್ಣ ತಟ್ಟೆ ಹಿಡಿದು ಎದುರಿಗೆ ಕೂತು, "ಅವಳ ಬಾಯಿ ಹಂಗೇ ಕಣವ್ವ, ನಾಳೆ ಸರಿಯಾಗ್ತಾಳೆ, ಹೊಟ್ಟೇಲಿರೋದಕ್ಕಾದ್ರೂ ಒಂದು ತುತ್ತು ತಿನ್ನು" ಎಂದು ಬೇಡಿಕೊಂಡ. ಅವಳು ತಲೆ ಅಲ್ಲಾಡಿಸಿದಳು.

ಬೆಳಿಗ್ಗೆ ಮಾರುತೇಶ ಆಟೋ ಮಾಡಿಸಿಕೊಂಡು ಬಂದ. ಅವಳೇ ಫೋನ್ ಮಾಡಿದ್ದಳು. ಆಟೋದ ಸದ್ದು ಕೇಳಿದ ಕೂಡಲೇ ಕರಿಯಕ್ಕ ರೊಪ್ಪಕ್ಕೆ ಇಳಿದಳು.

ರೊಪ್ಪದ ಮೂಲೆಯಲ್ಲಿ, ಅದೇ ವಾರ ಅವಳು ಮರಿ ಒಪ್ಪಿಸಿದ್ದ ಕುರಿ ಮಲಗಿತ್ತು. ತಬ್ಬಲಿ ಮರಿ ಅದರ ಹೊಟ್ಟೆಗೆ ಒತ್ತಿಕೊಂಡು ನಿದ್ದೆ ಹೋಗಿತ್ತು. ಕುರಿ ಮೆಲುಕು ಹಾಕುತ್ತಾ ದೂರ ಎಲ್ಲಿಯೋ ನೋಡುತ್ತಿತ್ತು. ಕರಿಯಕ್ಕ ಅದರ ಎದುರಿಗೆ ಕುಕ್ಕರಗಾಲಲ್ಲಿ ಕೂತಳು. ಇಷ್ಟು ವರ್ಷ ಅವಳು ಇದನ್ನು ಕುರಿಯ ದಡ್ಡತನ ಎಂದು ತಿಳಿದಿದ್ದಳು. ತೊಗಲಿಗೆ ಮೋಸ ಹೋಗುತ್ತದೆ ಪಾಪ, ಎಂದು. ಈಗ ನೋಡಿದರೆ ಹಾಗೆ ಕಾಣಲಿಲ್ಲ. ಕೆಚ್ಚಲು ತುಂಬಿ ನೋಯುತ್ತಿತ್ತು, ಹಸಿದ ಬಾಯೊಂದು ಬಂತು, ಕುರಿ ಅದಕ್ಕೆ ಜಾಗ ಬಿಟ್ಟಿತು. ಸತ್ತದ್ದನ್ನು ಅದು ಮರೆತಿತ್ತೋ ಇಲ್ಲವೋ ಯಾರು ಬಲ್ಲರು. ಬಂದದ್ದನ್ನು ಮಾತ್ರ, ನೀನು ಯಾಕೆ ಅದಲ್ಲ ಎಂದು ಕೇಳಲಿಲ್ಲ. ತಾನು ಕೇಳಿದಳು. ಸೀರೆ ಒಗೆಯದಿದ್ದರೂ ಕೇಳುತ್ತಿದ್ದಳು. ವಾಸನೆ ಬಂದಿದ್ದರೆ, ಮೂಗಿಗೆ ಅವಳು, ಕಣ್ಣಿಗೆ ಇವಳು ಎಂದು ಇನ್ನೂ ಹೆಚ್ಚು ದ್ವೇಷಿಸುತ್ತಿದ್ದಳೋ ಏನೋ. ಅದು ಅವಳಿಗೆ ಅಲ್ಲಿ, ಹಿಕ್ಕೆಯ ಮೇಲೆ ಕೂತಾಗ, ಸ್ಪಷ್ಟವಾಗಿ ತಿಳಿಯಿತು.

ಎದ್ದು ಹೋಗಿ ಒಂದು ಮಾತು ಹೇಳಿದರೆ ಸಾಕಿತ್ತು. ಇರು ಎಂದರೆ ಹುಡುಗಿ ಇರುತ್ತಿದ್ದಳು. ಪೆದ್ದಣ್ಣ ಎರಡು ಸಲ ಕೂಗಿದ. "ಏ ಇವಳೇ, ಹೊರಡ್ತಾವ್ರೆ, ಬಾರೇ." ಕರಿಯಕ್ಕನ ಕಾಲು ಏಳಲಿಲ್ಲ. ನಿನ್ನೆ ಆಡಿದ ಮಾತು ಬಾಗಿಲಿಗೆ ಅಡ್ಡ ಮಲಗಿದ ಹಾಗಿತ್ತು, ದಾಟುವುದು ಹೇಗೆಂದು ತಿಳಿಯಲಿಲ್ಲ. ಆಟೋ ಹೊರಟು, ಧೂಳು ಬೇಲಿಯ ಮೇಲೆ ಕೂತು, ಸದ್ದು ಪೂರ್ತಿ ನಿಂತ ಮೇಲೆ ಅವಳು ಎದ್ದಳು.

ಅವರೆ ಮುಗಿದು ಚಳಿ ಬಿಡುವ ಹೊತ್ತಿಗೆ ರಾಧಮ್ಮ ಚಳ್ಳಕೆರೆಯ ಆಸ್ಪತ್ರೆಯಲ್ಲಿ ಹೆಣ್ಣು ಮಗು ಹೆತ್ತಳೆಂದು ಪೆದ್ದಣ್ಣನಿಗೆ ಯಾರೋ ಸಂತೆಯಲ್ಲಿ ಹೇಳಿದರು. ಅಳಿಯ ಹೇಳಿ ಕಳಿಸಿರಲಿಲ್ಲ. ಚಿಕ್ಕಮ್ಮ ನಾಲ್ಕು ದಿನ ಇದ್ದು ಮಗ್ಗಕ್ಕೆ ವಾಪಸ್ಸು ಹೋದಳಂತೆ. ಬಾಣಂತಿ ತಾನೇ ನೀರು ಕಾಯಿಸಿಕೊಂಡು, ತಾನೇ ಮಗುವಿಗೆ ಎರೆದು, ಹಾಸಿಗೆ ಹಿಡಿದ ಅತ್ತೆಯನ್ನೂ ನೋಡಿಕೊಳ್ಳುತ್ತಿದ್ದಾಳಂತೆ.

ಕರಿಯಕ್ಕ ಆ ದಿನವೆಲ್ಲ ಕೊಬ್ಬರಿ ತುರಿದಳು, ಬೆಲ್ಲ ಕುಟ್ಟಿದಳು, ಅಂಟು ಹುರಿದು ಉಂಡೆ ಕಟ್ಟಿದಳು. ದೇವರ ಮುಂದೆ ಒಂದು ಉಂಡೆ ಇಟ್ಟು, ಉಳಿದದ್ದನ್ನು ಡಬ್ಬಿಗೆ ತುಂಬಿ, ಬೆಳಿಗ್ಗೆ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಆಡಿ ನೋಡಿದಳು. ತಪ್ಪಾಯ್ತು ಕಣವ್ವ ಎನ್ನುವುದೋ, ಮಗಳೇ ಎನ್ನುವುದೋ, ಎರಡರಲ್ಲಿ ಯಾವುದು ಮೊದಲು ಎಂದು.

ಮಿಲ್ಲಿನ ಹಿಂದಿನ ಓಣಿಯಲ್ಲಿ ಮನೆ. ಬಾಗಿಲು ತೆರೆದೇ ಇತ್ತು. ರಾಧಮ್ಮ ಕಿವಿಗೆ ಬಟ್ಟೆ ಕಟ್ಟಿಕೊಂಡು ಮಗುವಿನ ಬಟ್ಟೆ ಹಿಂಡುತ್ತಿದ್ದಳು. ತಲೆಯೆತ್ತಿ ನೋಡಿದಳು. ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಕರಿಯಕ್ಕನಿಗೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು.

"ಬರ್ರಿ" ಎಂದಳು ರಾಧಮ್ಮ. "ಕೂತ್ಕಳ್ರಿ. ನೀರು ಕುಡೀತೀರಾ?"

ಕರಿಯಕ್ಕ ಕೂತಳು. ಯೋಚಿಸಿಕೊಂಡು ಬಂದಿದ್ದ ಎರಡು ಮಾತುಗಳಲ್ಲಿ ಒಂದೂ ಆ ರೀ-ಗೆ ಹೊಂದುವಂತಿರಲಿಲ್ಲ. ಡಬ್ಬಿಯನ್ನು ಮುಂದಕ್ಕೆ ತಳ್ಳಿದಳು. ರಾಧಮ್ಮ ಎರಡೂ ಕೈಗಳಿಂದ ತೆಗೆದುಕೊಂಡು, "ಇಷ್ಟೆಲ್ಲ ಯಾಕೆ ತೊಂದ್ರೆ ತಗಂಡ್ರಿ" ಎಂದಳು. ಮಗುವನ್ನು ತಂದು ಕರಿಯಕ್ಕನ ತೊಡೆಯ ಮೇಲೆ ಮಲಗಿಸಿದಳು. ಮಗು ಬಿಗಿಯಾಗಿ ಮುಷ್ಟಿ ಕಟ್ಟಿಕೊಂಡು ಮಲಗಿತ್ತು. ಕರಿಯಕ್ಕನ ಕೈಗೆ ಕೆಲಸ ಗೊತ್ತಿತ್ತು. ತಲೆಯ ಕೆಳಗೆ ಅಂಗೈ ಕೊಟ್ಟು ಎತ್ತಿ, ನೆತ್ತಿಯ ಹತ್ತಿರ ಮುಖ ತರಲು ಹೋದಳು. ರಾಧಮ್ಮ ನೋಡುತ್ತಿದ್ದಾಳೆಂದು ಅರಿವಾಗಿ ಅಷ್ಟಕ್ಕೇ ನಿಲ್ಲಿಸಿದಳು.

"ನೀರು ಕಾಸು, ನಾನು ಎರೀತೀನಿ."

"ಆತ್ರಿ ಆಗ್ಲೇ."

"ಹಂಗಾದ್ರೆ ನಾಕು ದಿನ ಇದ್ದು ಹೋಗ್ತೀನಿ. ನೀನೊಬ್ಬಳೇ..."

"ಬ್ಯಾಡ್ರಿ. ನಿಮಗೆ ಕುರಿ ಅವೆ" ಎಂದಳು ರಾಧಮ್ಮ. ಮೆತ್ತಗೆ, ಮರ್ಯಾದೆಯಿಂದ. "ನನಗೆ ಇಷ್ಟ್ರಾಗೇ ಅಭ್ಯಾಸ ಐತ್ರಿ. ಸಣ್ಣೋಳಿದ್ದಾಗ್ಲಿಂದ್ಲೂ. ನಡುವೆ ಒಂದೀಟು ಆಸೆ ಬಿದ್ದಿದ್ದೆ, ಅಷ್ಟೇಯ."

ಒಳಗಿನ ಕೋಣೆಯಿಂದ ಅತ್ತೆ ಕೂಗಿದಳು. ರಾಧಮ್ಮ ಸೊಂಟ ಹಿಡಿದುಕೊಂಡು ಎದ್ದು ಹೋದಳು. ಮಗು ಕಣ್ಣು ಬಿಡದೆ ಬಾಯಿಯನ್ನು ಅತ್ತಿತ್ತ ಆಡಿಸಿ ಕರಿಯಕ್ಕನ ಬೆರಳಿಗೆ ತುಟಿ ಹಚ್ಚಿತು, ಏನೂ ಸಿಗದೆ ಅಳತೊಡಗಿತು. ರಾಧಮ್ಮ ಬಂದು ಎತ್ತಿಕೊಂಡಳು. ಹಾಲು ಕೊಡಲು ಆ ಕಡೆ ತಿರುಗಿ ಕೂತಳು. ಹೊರಗಿನವರ ಎದುರಿಗೆ ಕೂರುವ ಹಾಗೆ ಸೆರಗು ಪೂರ್ತಿ ಮುಚ್ಚಿಕೊಂಡಳು.

"ಬರ್ತೀನಿ" ಎಂದಳು ಕರಿಯಕ್ಕ.

"ಹೂಂ ರೀ. ಬಿಸ್ಲು ಏರಾಕೆ ಮುಂಚೆ ಹೊರಡ್ರಿ."

ಬಸ್ ನಿಲ್ದಾಣದಲ್ಲಿ ಪರಶುರಾಂಪುರದ ಬಸ್ಸು ನಿಂತಿತ್ತು. ಈರುಳ್ಳಿ ಚೀಲ ಕಾಲ ಹತ್ತಿರ ಇಟ್ಟುಕೊಂಡಿದ್ದ ಒಬ್ಬಳು ಹೆಂಗಸು ಸರಿದು ಜಾಗ ಕೊಟ್ಟಳು. ಕರಿಯಕ್ಕನ ಬರಿಗೈಯನ್ನೂ ಮುಖವನ್ನೂ ನೋಡಿ, ಮಾತಿಗೆ ಇರಲಿ ಎಂದು ಕೇಳಿದಳು. "ಮಗಳ ಮನೇಗೆ ಬಂದಿದ್ಯೇನಕ್ಕ?"

"ಇಲ್ಲ" ಎಂದಳು ಕರಿಯಕ್ಕ.

"ಮತ್ತೆ ನೆಂಟರ ಮನೇಗಾ?"

ಅಷ್ಟರಲ್ಲಿ ಕಂಡಕ್ಟರ್ ಬಂದು ಆಧಾರ್ ಕಾರ್ಡ್ ತೋರಿಸಮ್ಮ ಎಂದ. ಅವಳು ಎಲೆಯಡಿಕೆ ಚೀಲದ ದಾರ ಬಿಚ್ಚಿ ಹುಡುಕತೊಡಗಿದಳು. ಕಾರ್ಡು ತೋರಿಸಿಯಾಗಿ, ಬಸ್ಸು ಹೊರಟು ಊರು ದಾಟಿದರೂ ಚೀಲದೊಳಗೆ ಅವಳ ಬೆರಳುಗಳು ಆಡುತ್ತಲೇ ಇದ್ದವು.